ರಸ್ತೆ ಅಗಲ ಮಾಡಿದರೆ ಇಪ್ಪತ್ತು ವರ್ಷ ನಿಶ್ಚಿಂತೆಯೇ?

ಪ್ರಶ್ನೆ: ಶಿರಸಿಯಲ್ಲಿ ಯಲ್ಲಾಪುರ ರಸ್ತೆಗೆ ತಾಗಿ ನಮ್ಮದು ನಾಲ್ಕು ಗುಂಟೆ ಜಾಗ. ಮುಂದೆ ಹಳೆಯ ಹಂಚಿನ ಅಂಗಡಿ, ಹಿಂದೆ ಮನೆ. ಅಂಗಡಿ ಕೆಡವಿ ಎರಡಂತಸ್ತಿನ ಆರ್‌ಸಿಸಿ ಕಟ್ಟಡ ಕಟ್ಟುವ ವಿಚಾರವಿದೆ. ಅಷ್ಟರಲ್ಲಿ ರಸ್ತೆ ನಾಲ್ಕು ಪಥ ಆಗುತ್ತದಂತೆ, ಇಪ್ಪತ್ತು ವರ್ಷದಲ್ಲಿ ವಾಹನ ನಾಲ್ಕು ಪಟ್ಟಾಗುವುದೆಂದು ಲೆಕ್ಕ ಹಾಕಿದ್ದಾರಂತೆ ಎಂಬ ಸುದ್ದಿ ಪೇಟೆಯಲ್ಲಿ ಓಡಾಡುತ್ತಿದೆ. ಊರಿನ ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ, ಅರ್ಧ ಮನೆಗಳಲ್ಲಿ ಇಬ್ಬರೇ ವಯಸ್ಸಾದವರು. ಜನವೇ ಹೆಚ್ಚದ ಊರಲ್ಲಿ ವಾಹನ ನಾಲ್ಕು ಪಟ್ಟಾಗುವುದು ಹೇಗೆ? ಈ ಲೆಕ್ಕವನ್ನು ಹೇಗೆ ಮಾಡುತ್ತಾರೆ, ಎಷ್ಟು ನಂಬಬಹುದು? ಬೈಪಾಸ್ ಒಂದಾದರೆ ಸಾಲದೇ? ನಾವು ಈಗ ಕಟ್ಟುವುದೋ, ಕಾಯುವುದೋ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಒಂದು ಊರಿನದು, ಇನ್ನೊಂದು ನಿಮ್ಮ ನಾಲ್ಕು ಗುಂಟೆಯದು. ಊರಿನ ಲೆಕ್ಕ ತಿಳಿಯದೆ ಜಾಗದ ನಿರ್ಧಾರ ಮಾಡಲಾಗದು, ಹಾಗಾಗಿ ಅದನ್ನೇ ಮೊದಲು ನೋಡೋಣ.

‘ನಾಲ್ಕು ಪಟ್ಟು’ ಎಂಬ ಮಾತು ಎಲ್ಲಿಂದ ಬಂದಿರಬಹುದೆಂದು ಊಹಿಸುವುದು ಸುಲಭ. ವರ್ಷಕ್ಕೆ ಶೇ 7.5ರಂತೆ ಚಕ್ರಬಡ್ಡಿ ಹಾಕಿ, ಇಪ್ಪತ್ತು ವರ್ಷಕ್ಕೆ 4.25 ಪಟ್ಟು ಬರುತ್ತದೆ. ಈ ಶೇ 7.5 ನಮ್ಮ ಎಂಜಿನಿಯರಿಂಗ್ ವರದಿಗಳಲ್ಲಿ ಬಹುಕಾಲದಿಂದ ನೆಲೆಸಿರುವ ಸಂಖ್ಯೆ. ಅದರ ಮೂಲ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 37 ಎಂಬ ಮಾರ್ಗಸೂಚಿ. ಬೇರೆ ಮಾಹಿತಿ ಇಲ್ಲದಿದ್ದರೆ ಶೇ 7.5 ಹಿಡಿಯಿರಿ ಎಂದು ಅದರ 2001ರ ಆವೃತ್ತಿಯಲ್ಲಿತ್ತು. 2012ರ ಆವೃತ್ತಿಯಲ್ಲಿ ಅದು ಕನಿಷ್ಠ ಶೇ 5ಕ್ಕೆ ಇಳಿಯಿತು. ಇಲ್ಲಿ ಗಮನಿಸಬೇಕಾದ್ದು, ಆ ಪುಸ್ತಕ ಇರುವುದು ಡಾಂಬರು ಮತ್ತು ಜಲ್ಲಿಯ ದಪ್ಪ ನಿರ್ಧರಿಸಲಿಕ್ಕೆ. ಅದರಲ್ಲಿ ಎಣಿಕೆಗೆ ಬರುವುದು ಲಾರಿ, ಬಸ್ಸುಗಳಂಥ ಭಾರದ ವಾಹನ ಮಾತ್ರ. ರಸ್ತೆ ಎಷ್ಟು ಅಗಲ ಬೇಕು ಎಂದು ಹೇಳಲು ಆ ಸಂಖ್ಯೆಯನ್ನು ಎತ್ತಿಕೊಂಡು ಬಂದರೆ, ಅಡಿಕೆ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದಂತೆ. ಮುಳ್ಳು ಎಲ್ಲೋ ನಿಲ್ಲುತ್ತದೆ, ಆದರೆ ಆ ತೂಕವನ್ನು ನಂಬಿ ದುಡ್ಡು ಎಣಿಸಬಾರದು.

ಹಾಗೆಂದು ನಿಮ್ಮ ವಾದವೂ ಪೂರ್ತಿ ನಿಲ್ಲುವುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 14,37,169. ಅದರ ಹಿಂದಿನ ಹತ್ತು ವರ್ಷದಲ್ಲಿ ಬೆಳೆದದ್ದು ಶೇ 6.17, ಅಂದರೆ ವರ್ಷಕ್ಕೆ ಶೇ 0.6ರಷ್ಟು. ಜನ ಹೆಚ್ಚುತ್ತಿಲ್ಲ ಎನ್ನುವುದು ಹೆಚ್ಚುಕಡಿಮೆ ನಿಜವೇ. ಆದರೆ ರಸ್ತೆಗೆ ಬರುವುದು ಜನಸಂಖ್ಯೆಯಲ್ಲ, ಓಡಾಟ. ಒಂದು ಮನೆಯ ಆರು ಜನ ಎರಡು ಮನೆಗಳಾಗಿ ಒಡೆದರೆ ಜನ ಅಷ್ಟೇ, ಬೈಕು ಎರಡು. ಬಸ್ಸಿನಲ್ಲಿ ಬರುತ್ತಿದ್ದ ಕಾಲೇಜು ಹುಡುಗಿ ಸ್ಕೂಟರ್ ಹಿಡಿದರೆ ಜನ ಅಷ್ಟೇ, ರಸ್ತೆಯ ಮೇಲಿನ ಭಾರ ಹಲವು ಪಟ್ಟು. ಸುತ್ತಲ ಹಳ್ಳಿಯ ತೋಟದ ಮನೆಗಳಲ್ಲಿ ಉಳಿದಿರುವ ‘ಇಬ್ಬರೇ ವಯಸ್ಸಾದವರು’ ಈಗ ಔಷಧಿಗೂ ಬ್ಯಾಂಕಿಗೂ ಕಾರಿನಲ್ಲಿಯೇ ಪೇಟೆಗೆ ಬರುತ್ತಾರೆ. ಬೆಂಗಳೂರಿನ ಮಕ್ಕಳು ಹಬ್ಬಕ್ಕೆ ಬರುವುದೂ ಕಾರಿನಲ್ಲೇ. ಅದಕ್ಕೇ ಶೇ 0.6 ಹಿಡಿದು ‘ಬೇಡವೇ ಬೇಡ’ ಎನ್ನುವುದೂ ಶೇ 7.5 ಹಿಡಿದು ‘ನಾಲ್ಕು ಪಥವಲ್ಲದೆ ಬೇರೆ ದಾರಿಯಿಲ್ಲ’ ಎನ್ನುವುದೂ ಒಂದೇ ತಪ್ಪಿನ ಎರಡು ಮುಖ.

ಲೆಕ್ಕದ ಅಡಿಪಾಯ

ದೊಡ್ಡ ನಗರಗಳಿಗೆ ನಾಲ್ಕು ಹಂತದ ಮಾದರಿ ಬಳಸುತ್ತಾರೆ. ಯಾವ ಬಡಾವಣೆಯಿಂದ ಎಷ್ಟು ಪ್ರಯಾಣ ಹೊರಡುತ್ತದೆ, ಅವು ಎಲ್ಲೆಲ್ಲಿಗೆ ಹೋಗುತ್ತವೆ, ಯಾವ ವಾಹನದಲ್ಲಿ, ಯಾವ ರಸ್ತೆಯಲ್ಲಿ ಎಂದು. 1950ರ ದಶಕದಲ್ಲಿ ಶಿಕಾಗೋದಂಥ ಅಮೆರಿಕದ ನಗರಗಳ ಅಧ್ಯಯನದಲ್ಲಿ ರೂಪುಗೊಂಡ ಪದ್ಧತಿಯದು. ಶಿರಸಿ, ಕುಮಟಾ, ಕಾರವಾರದಷ್ಟು ದೊಡ್ಡ ಊರಿಗೆ ಅಷ್ಟೆಲ್ಲ ಬೇಕಿಲ್ಲ. ಇಂದಿನ ಎಣಿಕೆ, ಬೆಳವಣಿಗೆಯ ದರ, ರಸ್ತೆಯ ಧಾರಣಶಕ್ತಿ, ಈ ಮೂರು ಪ್ರಾಮಾಣಿಕವಾಗಿದ್ದರೆ ಸಾಕು. ನನ್ನ ಅನುಭವದಲ್ಲಿ ಹೆಚ್ಚಿನ ವರದಿಗಳು ಎಡವುವುದು ಭವಿಷ್ಯದಲ್ಲಲ್ಲ, ಮೊದಲನೆಯದರಲ್ಲೇ.

ಗ್ರಾಮಾಂತರ ರಸ್ತೆಗಳ ಎಣಿಕೆಗೆ ಐಆರ್‌ಸಿ 9 ಹೇಳುವ ಕ್ರಮವೆಂದರೆ ವರ್ಷಕ್ಕೆ ಎರಡು ಸಲ, ಪ್ರತಿ ಸಲ ಏಳು ದಿನ ಬಿಡದೆ, ದಿನದ 24 ತಾಸೂ ಎಣಿಸಬೇಕು. ಒಂದು ಸಲ ಕೊಯ್ಲು–ಮಾರುಕಟ್ಟೆಯ ಬಿರುಸಿನ ಕಾಲದಲ್ಲಿ, ಇನ್ನೊಂದು ಸಲ ಸಪ್ಪೆ ಕಾಲದಲ್ಲಿ. ಶಿರಸಿಗೆ ಇದು ಚೆನ್ನಾಗಿ ಹೊಂದುತ್ತದೆ. ಅಡಿಕೆ ಮಾರುಕಟ್ಟೆಗೆ ಬರುವ ತಿಂಗಳುಗಳ ಪಿಕಪ್, ಲಾರಿ, ಟ್ರ್ಯಾಕ್ಟರ್ ಬೇರೆ. ಆಗಸ್ಟ್ ಮಳೆಯಲ್ಲಿ ಬೈಕು ಮನೆಯಲ್ಲಿ ಬಿಟ್ಟು ಕಾರು ತೆಗೆಯುವವರ ರಸ್ತೆ ಬೇರೆ. ಎಣಿಸಬಾರದ ವಾರಗಳೂ ಇವೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ವಾರದ ಎಣಿಕೆ ಜಾತ್ರೆಯ ಪೊಲೀಸ್ ಬಂದೋಬಸ್ತಿಗೆ ಉಪಯುಕ್ತ, ರಸ್ತೆಯ ವಿನ್ಯಾಸಕ್ಕೆ ಕೆಲಸಕ್ಕೆ ಬಾರದು. ಘಟ್ಟ ಬಂದ್ ಇರುವ ವಾರವೂ ಹಾಗೆಯೇ. ದೇವಿಮನೆ ಘಟ್ಟದಲ್ಲಿ ಭಾರಿ ವಾಹನ ನಿಲ್ಲಿಸಿದಾಗ ಕುಮಟಾ ರಸ್ತೆಯ ಲಾರಿಗಳೆಲ್ಲ ಯಲ್ಲಾಪುರ ಅಥವಾ ಸಿದ್ದಾಪುರದ ಕಡೆ ತಿರುಗುತ್ತವೆ. ಆಗ ನಿಮ್ಮ ಮನೆ ಮುಂದೆ ಎಣಿಸಿದವರಿಗೆ ಇಲ್ಲದ ಬೆಳವಣಿಗೆ ಕಾಣುತ್ತದೆ, ಕುಮಟಾ ರಸ್ತೆಯಲ್ಲಿ ಎಣಿಸಿದವರಿಗೆ ಇಲ್ಲದ ಇಳಿಕೆ.

ಎಣಿಸಿದ ಮೇಲೆ ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ತರಬೇಕು. ಒಂದು ಕಾರಿನಷ್ಟು ಭಾರವನ್ನು ಒಂದು ಪಿಸಿಯು (ಪ್ಯಾಸೆಂಜರ್ ಕಾರ್ ಯೂನಿಟ್) ಎನ್ನುತ್ತಾರೆ. ಪಟ್ಟಣದ ರಸ್ತೆಗಳಿಗೆ ಐಆರ್‌ಸಿ 106 (1990) ಕೊಡುವ ಗುಣಕ ಆಯಾ ವಾಹನದ ಪಾಲಿನ ಮೇಲೆ ನಿಂತಿದೆ. ಬೈಕುಗಳು ಒಟ್ಟು ವಾಹನದಲ್ಲಿ ಶೇ 5 ಇದ್ದರೆ ತಲಾ 0.5, ಶೇ 10 ಅಥವಾ ಹೆಚ್ಚಿದ್ದರೆ 0.75. ಆಟೋಕ್ಕೆ ಕ್ರಮವಾಗಿ 1.2 ಮತ್ತು 2.0. ಸಣ್ಣ ಸರಕು ಗಾಡಿಗೆ 1.4 ಮತ್ತು 2.0. ಬಸ್ಸು–ಲಾರಿಗೆ 2.2 ಮತ್ತು 3.7. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿಗೆ 4, 5.

ಒಂದು ಕಲ್ಪಿತ ಉದಾಹರಣೆ ಹಿಡಿಯೋಣ. ಎರಡು ಪಥದ ಒಂದು ರಸ್ತೆಯಲ್ಲಿ ಬೆಳಗಿನ ಬಿರುಸಿನ ಒಂದು ತಾಸಿಗೆ ಎರಡೂ ದಿಕ್ಕು ಸೇರಿ 1,000 ವಾಹನ: 640 ಬೈಕು–ಸ್ಕೂಟರ್, 210 ಕಾರು, ಆಟೋ, ಸಣ್ಣ ಸರಕು ಗಾಡಿ, ಬಸ್ಸು–ಲಾರಿ ತಲಾ 50. ಗುಣಿಸಿದರೆ 480 + 210 + 60 + 70 + 110, ಒಟ್ಟು 930 ಪಿಸಿಯು. ಬೈಕಿಗೆ 0.75ರ ಬದಲು 0.5 ಹಾಕಿದ್ದರೆ 770 ಬರುತ್ತಿತ್ತು. ಒಂದು ಗುಣಕ ಬದಲಾದರೆ 160 ಕಾರು ಮಾಯ. ವರದಿಯಲ್ಲಿ ಈ ಸಾಲನ್ನು ಹುಡುಕಿ ನೋಡಿ, ಹಲವು ಸಲ ಅದು ಇರುವುದೇ ಇಲ್ಲ.

ಅದೇ ಡಾಂಬರು, ಮೂರು ಧಾರಣಶಕ್ತಿ

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಎರಡು ಪಥದ, ಎರಡೂ ಕಡೆ ಸಂಚಾರವಿರುವ ಪಟ್ಟಣದ ರಸ್ತೆ ತಾಸಿಗೆ ಎಷ್ಟು ಹೊರಬಹುದು? ಐಆರ್‌ಸಿ 106 ಒಂದೇ ಸಂಖ್ಯೆ ಕೊಡುವುದಿಲ್ಲ. ಅಂಗಡಿ–ಮನೆಗಳಿಗೆ ನೇರ ದಾರಿಯಿಲ್ಲದ, ವಾಹನ ನಿಲ್ಲಿಸದ, ಅಡ್ಡ ಸಂಚಾರ ತೀರ ಕಡಿಮೆಯಿರುವ ಮುಖ್ಯ ರಸ್ತೆಯಾದರೆ 1,500 ಪಿಸಿಯು. ಮನೆ–ಅಂಗಡಿಗೆ ದಾರಿಯಿದೆ, ಆದರೆ ರಸ್ತೆ ಮೇಲೆ ವಾಹನ ನಿಲ್ಲುವುದಿಲ್ಲ ಎಂದಾದರೆ 1,200. ಎಲ್ಲಿ ಬೇಕಾದರಲ್ಲಿ ಒಳ–ಹೊರಗೆ ಹೋಗುವ, ಬದಿಯಲ್ಲಿ ಗಾಡಿ ನಿಂತ, ಅಡ್ಡ ದಾಟುವವರು ಹೆಚ್ಚಿರುವ ರಸ್ತೆಯಾದರೆ 900.

ಮೂರರಲ್ಲೂ ಡಾಂಬರಿನ ಅಗಲ ಒಂದೇ, ಸುಮಾರು ಏಳು ಮೀಟರು. 900ಕ್ಕೂ 1,500ಕ್ಕೂ ಇರುವ 600ರ ಅಂತರ ಹುಟ್ಟುವುದು ಬದಿಯಲ್ಲಿ ನಿಂತ ಗಾಡಿ, ನುಗ್ಗುವ ಗೇಟು, ಅಡ್ಡ ಬರುವ ಜನದಿಂದ. ನಮ್ಮ ಉದಾಹರಣೆಯ 930ನ್ನು ಮೂರನೆಯ ವರ್ಗಕ್ಕೆ ಹಾಕಿದರೆ ‘ರಸ್ತೆಯ ಮಿತಿ ಈಗಾಗಲೇ ಮೀರಿದೆ’ ಎಂದು ಬರೆಯಬಹುದು. ಎರಡನೆಯದಕ್ಕೆ ಹಾಕಿದರೆ ವರ್ಷಕ್ಕೆ ಶೇ 5ರಂತೆ ಬೆಳೆದರೂ ಇನ್ನೂ ಐದು ವರ್ಷ ಇದೆ. ಮೊದಲನೆಯದಾದರೆ ಸುಮಾರು ಹತ್ತು ವರ್ಷ. ಅಂಗಡಿ ಸಾಲಿನ ರಸ್ತೆಯನ್ನು ಮೊದಲ ವರ್ಗಕ್ಕೆ ತರಲು ಆಗದು, ಅದು ಸುಳ್ಳು ಭರವಸೆ. 900ರಿಂದ 1,200ಕ್ಕೆ ಏರಿಸಲು ಮಾತ್ರ ಖಂಡಿತ ಆಗುತ್ತದೆ.

ಈ ಮಿತಿಗಳು ರಸ್ತೆ ಕಟ್ಟಿಕೊಂಡು ನಿಂತುಬಿಡುವ ಮಟ್ಟವೂ ಅಲ್ಲ. ನಿಜವಾದ ಗರಿಷ್ಠದ ಶೇ 70ಕ್ಕೆ ಗೆರೆ ಎಳೆದಿದ್ದಾರೆ. 1,200 ಎಂದರೆ ಪೂರ್ಣ ಧಾರಣಶಕ್ತಿ 1,700ರ ಆಸುಪಾಸು. ಆ ಮಟ್ಟ ಮುಟ್ಟಲು 930ಕ್ಕೆ ಶೇ 7.5ರಲ್ಲಿ ಎಂಟೂವರೆ ವರ್ಷ, ಶೇ 5ರಲ್ಲಿ ಹನ್ನೆರಡೂವರೆ, ಶೇ 3ರಲ್ಲಿ ಇಪ್ಪತ್ತು ದಾಟುತ್ತದೆ. ‘ಇಂಥ ವರ್ಷ ರಸ್ತೆ ತುಂಬುತ್ತದೆ’ ಎಂದು ಒಂದೇ ವರ್ಷ ಹೇಳುವ ವರದಿಯನ್ನು ಪಕ್ಕಕ್ಕಿಡಿ. ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ದರದ ಫಲ ಕೊಟ್ಟವರನ್ನು ನಂಬಿ. ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲಿವ್‌ಬ್ಯರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ, ಹಲವು ದೇಶಗಳ 183 ರಸ್ತೆ ಯೋಜನೆಗಳ ಅಧ್ಯಯನದಲ್ಲಿ ಅರ್ಧದಷ್ಟು ಯೋಜನೆಗಳ ಅಂದಾಜು ಶೇ 20ಕ್ಕಿಂತ ಹೆಚ್ಚು ತಪ್ಪಿತ್ತು. ಅದೂ ರಸ್ತೆ ತೆರೆದ ಹೊಸದರಲ್ಲೇ. ಇಪ್ಪತ್ತನೆಯ ವರ್ಷದ ಮಾತು ನೀವೇ ಅಂದಾಜು ಮಾಡಿ.

ದರವನ್ನು ಹೇಗೆ ಆರಿಸುವುದು? ಶಿರಸಿ ಆರ್‌ಟಿಒ ಕಚೇರಿಯ (ಕೆಎ–31) ವಾಹನ ನೋಂದಣಿ ಅಂಕಿ ಒಂದು ಆಧಾರ, ಆದರೆ ಎಚ್ಚರ ಬೇಕು. ಅದರಲ್ಲಿ ಸುತ್ತಲಿನ ತಾಲೂಕುಗಳೂ ಸೇರಿವೆ, ಗುಜರಿಗೆ ಹೋದ ಗಾಡಿಯೂ ಪುಸ್ತಕದಲ್ಲಿ ಬದುಕಿರುತ್ತದೆ, ಮನೆಯ ಎರಡನೇ ಸ್ಕೂಟರ್ ಮೊದಲನೆಯದರಷ್ಟು ಓಡುವುದಿಲ್ಲ. ಬೈಕಿನ ಬೆಳವಣಿಗೆ ಒಂದು ಹಂತದಲ್ಲಿ ನಿಧಾನವಾಗುತ್ತದೆ, ಕಾರಿನದು ಆಗ ಏರುತ್ತದೆ. ಆದ್ದರಿಂದ ವಾಹನದ ಬಗೆಬಗೆಗೆ ಬೇರೆ ದರ ಹಾಕಬೇಕು. ಲಾರಿಗೆ ಇನ್ನೊಂದು ಕಡಿವಾಣವಿದೆ, ಘಟ್ಟ. ಊರ ಹೊರಗಿನ ರಸ್ತೆಗಳಿಗೆ ಐಆರ್‌ಸಿ 64 (1990) ಬಯಲಿನಲ್ಲಿ ಎರಡು ಪಥಕ್ಕೆ ದಿನಕ್ಕೆ 15,000 ಪಿಸಿಯು ಹಿಡಿದರೆ, ಗುಡ್ಡಗಾಡಿನಲ್ಲಿ 7,000, ತಿರುವು ಹೆಚ್ಚಿದ್ದಲ್ಲಿ 5,000 ಮಾತ್ರ ಹಿಡಿಯುತ್ತದೆ. ಕರಾವಳಿಯಿಂದ ಶಿರಸಿಗೆ ಬರುವ ಪ್ರತಿ ಲಾರಿಯೂ ದೇವಿಮನೆಯನ್ನೋ ಅರಬೈಲನ್ನೋ ಇನ್ನೊಂದು ಘಟ್ಟವನ್ನೋ ಹತ್ತಿಯೇ ಬರಬೇಕು. ಪೇಟೆಯಲ್ಲಿ ಲಾರಿ ನಾಲ್ಕು ಪಟ್ಟಾಗುತ್ತದೆ ಎನ್ನುವ ವರದಿ, ಅವು ಘಟ್ಟ ಹತ್ತುವುದು ಹೇಗೆ ಎಂಬುದನ್ನೂ ಹೇಳಬೇಕಲ್ಲ. ಹಾಗೆಯೇ ದಶಕಗಳಿಂದ ಬಾಕಿಯಿರುವ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದಂಥವನ್ನು ‘ಆಗಿಯೇ ಆಗುತ್ತದೆ’ ಎಂದು ಲೆಕ್ಕಕ್ಕೆ ಸೇರಿಸಬಾರದು, ‘ಆದರೆ ಹೀಗೆ’ ಎಂದು ಪ್ರತ್ಯೇಕ ಸಾಲು ಬರೆಯಬೇಕು.

ಸರ್ಕಲ್ಲಿನಲ್ಲಿ ಏನಾಗುತ್ತದೆ

ಪೇಟೆಯ ರಸ್ತೆ ಕಟ್ಟಿಕೊಳ್ಳುವುದು ನಡುವಿನಲ್ಲಿ ಅಲ್ಲ, ಕೂಡುವಲ್ಲಿ. ಇದನ್ನು ಸಂಖ್ಯೆಯಲ್ಲೇ ನೋಡಿ. ಸಿಗ್ನಲ್ ಇರುವ ಜಾಗಕ್ಕೆ 3.5 ಮೀಟರಿನ ಒಂದು ಪಥ ಬಂದು ಸೇರಿದರೆ, ಇಡೀ ತಾಸು ಹಸಿರು ದೀಪ ಇದ್ದಲ್ಲಿ ಸುಮಾರು 1,890 ಪಿಸಿಯು ದಾಟಬಹುದು. ಆದರೆ ಹಸಿರು ನಿಮಗೆ ಸಿಗುವುದು ತಾಸಿನ ಶೇ 30 ಎಂದುಕೊಳ್ಳಿ. ಆಗ 567. ನಮ್ಮ 930ರಲ್ಲಿ ಬೆಳಿಗ್ಗೆ ಪೇಟೆಯ ಕಡೆ ಬರುವುದು ಶೇ 60 ಎಂದರೆ 558. ಅಂದರೆ ರಸ್ತೆಯ ನಡುಭಾಗದಲ್ಲಿ ಇನ್ನೂ ಜಾಗವಿರುವಾಗಲೇ ಸರ್ಕಲ್ ತುಂಬಿ ತುಳುಕುವ ಹಂತಕ್ಕೆ ಬಂದಿದೆ. ನಡುಭಾಗವನ್ನು ಎರಡು ಕಿಲೋಮೀಟರು ಅಗಲ ಮಾಡಿ, ಸರ್ಕಲ್ಲನ್ನು ಹಾಗೇ ಬಿಟ್ಟರೆ ಸಾಲು ಇನ್ನೂ ದಪ್ಪಗೆ ನಿಲ್ಲುತ್ತದೆ, ಅಷ್ಟೇ.

ಐದು ರಸ್ತೆ ಸೇರುವ ಸರ್ಕಲ್ಲಿನಲ್ಲಿ ಕಷ್ಟ ಇನ್ನೂ ಹೆಚ್ಚು. ಐದಕ್ಕೂ ಬೇರೆ ಬೇರೆ ಹಸಿರು ಕೊಟ್ಟರೆ, 100 ಸೆಕೆಂಡಿನ ಸುತ್ತಿನಲ್ಲಿ ಪ್ರತಿ ಬದಲಾವಣೆಗೆ ನಾಲ್ಕು ಸೆಕೆಂಡಿನಂತೆ 20 ಸೆಕೆಂಡು ಸುಮ್ಮನೆ ಹೋಗುತ್ತದೆ. ಉಳಿದದ್ದು ತಲಾ 16 ಸೆಕೆಂಡು, ಒಂದು ಪಥಕ್ಕೆ ತಾಸಿಗೆ 300 ಪಿಸಿಯು. ಐದರಲ್ಲಿ ಒಂದು ರಸ್ತೆಯನ್ನು ಸರ್ಕಲ್ಲಿನಿಂದ ಹೊರಗೆ ಹೋಗುವ ಏಕಮುಖ ಮಾಡಿದರೆ ಉಳಿದ ನಾಲ್ಕಕ್ಕೆ ತಲಾ 21 ಸೆಕೆಂಡು ಸಿಕ್ಕಿ 400ರ ಹತ್ತಿರ ಬರುತ್ತದೆ. ಒಂದು ಬೋರ್ಡಿನ ಖರ್ಚಿನಲ್ಲಿ ಮೂರನೇ ಒಂದು ಪಾಲು ಲಾಭ.

ಇನ್ನೊಂದು ಉಪಾಯ, ಸರ್ಕಲ್ಲಿಗೆ ಬರುವ ಕೊನೆಯ ತುಣುಕನ್ನು ಮಾತ್ರ ಅಗಲ ಮಾಡುವುದು. ಬರುವ ಬದಿ ಏಳು ಮೀಟರಾದರೆ ಒಂದರ ಬದಲು ಎರಡು ಸಾಲು ಒಟ್ಟಿಗೆ ಹೊರಡುತ್ತವೆ. ಆದರೆ ಉದ್ದ ಮುಖ್ಯ. 30 ಸೆಕೆಂಡಿನ ಹಸಿರಿನಲ್ಲಿ ಒಂದು ಸಾಲಿನಿಂದ ಹದಿನೈದು ಕಾರು ದಾಟುತ್ತವೆ, ಕಾರಿಗೆ ಆರು ಮೀಟರಿನಂತೆ 90 ಮೀಟರು ಅಗಲ ಇದ್ದರೆ ಪೂರ್ತಿ ಲಾಭ. 40 ಮೀಟರೇ ಸಿಕ್ಕರೆ ಪ್ರತಿ ಸುತ್ತಿಗೆ ಏಳು ಕಾರು ಹೆಚ್ಚು, ತಾಸಿಗೆ 250. ಅದೂ ಸಣ್ಣದಲ್ಲ. ಇದು ಕೆಡುವುದು ಒಂದೇ ಕಾರಣಕ್ಕೆ. ಅಗಲ ಮಾಡಿದ ಆ 40 ಮೀಟರಿನಲ್ಲಿ ಮರುದಿನವೇ ಆಟೋ ಸ್ಟ್ಯಾಂಡ್ ಆಗುತ್ತದೆ.

ಯಾವ ದಾರಿಗೆ ಯಾವ ಅಪಾಯ

ನಾಲ್ಕು ಪಥ: ನಡುವೆ ವಿಭಜಕವಿಲ್ಲದ ನಾಲ್ಕು ಪಥಕ್ಕೆ ಐಆರ್‌ಸಿ ಲೆಕ್ಕ 2,400. ಬದಿಯಲ್ಲಿ ಗಾಡಿ ನಿಲ್ಲುವುದಾದರೆ 1,800. ನಿಂತ ಗಾಡಿ ಹೊರಗಿನ ಎರಡು ಪಥವನ್ನು ನುಂಗಿದರೆ ಕೊಟ್ಟ ಜಾಗ ಊರಿನ ಉದ್ದದ ಪಾರ್ಕಿಂಗ್ ಆಗುತ್ತದೆ. 14 ಮೀಟರು ಡಾಂಬರು, ಎರಡೂ ಬದಿ 1.8 ಮೀಟರು ಕಾಲುದಾರಿ, ಮಲೆನಾಡಿನ ಮಳೆಗೆ ತಕ್ಕ ಗಟಾರ, ಕರೆಂಟ್ ಕಂಬ ಎಲ್ಲ ಸೇರಿ 20 ಮೀಟರಿಗೆ ಕಡಿಮೆಯಾಗದು. ನಡುವೆ ಎಲ್ಲೋ ಎರಡು ಕಟ್ಟಡದ ವ್ಯಾಜ್ಯ ಕೋರ್ಟಿನಲ್ಲಿ ಉಳಿದರೆ, ಅಲ್ಲಿಯ ಅಗಲವೇ ಇಡೀ ರಸ್ತೆಯ ಅಗಲ. ಜಾಗ ಹೋಗುತ್ತದೆ, ಪ್ರಯೋಜನ ಬರುವುದಿಲ್ಲ.

ಏಕಮುಖ ಜೋಡಿ: ಹತ್ತಿರ ಹತ್ತಿರ ಎರಡು ರಸ್ತೆಗಳಿದ್ದರೆ ಒಂದನ್ನು ಹೋಗಲು, ಒಂದನ್ನು ಬರಲು ಮಾಡುವುದು. ಗಾಡಿ ನಿಲ್ಲುವ ಎರಡು ಪಥದ ರಸ್ತೆ ಏಕಮುಖವಾದರೆ 900ರ ಬದಲು 1,400. ಎರಡೂ ಸೇರಿ 1,800 ಇದ್ದದ್ದು 2,800. ಒಂದಡಿ ಜಾಗ ಬೇಡ. ಆದರೆ ವೇಗ ಏರುತ್ತದೆ, ಶಾಲೆಯ ಮುಂದೆ ದಾಟುವುದು ಕಷ್ಟ, ಬಸ್ ಸ್ಟಾಪು ದೂರವಾಗುತ್ತದೆ, ‘ಬರುವ’ ರಸ್ತೆಯ ಅಂಗಡಿಗೆ ಸಂಜೆಯ ಗಿರಾಕಿ ತಪ್ಪುತ್ತದೆ ಎಂಬ ತಕರಾರು ಬರುತ್ತದೆ. ತಕರಾರಿನಲ್ಲಿ ಹುರುಳಿಲ್ಲವೆಂದಲ್ಲ. ಮೂರು ತಿಂಗಳು ಡ್ರಮ್ಮು ಇಟ್ಟು ಪ್ರಯೋಗ ಮಾಡಿ ನೋಡಬಹುದಾದ ಏಕೈಕ ಪರಿಹಾರ ಇದು ಎಂಬುದೂ ನಿಜ.

ಪಾರ್ಕಿಂಗ್ ತೆಗೆಯುವುದು: ರಸ್ತೆಗೆ ಸಮಾನಾಂತರವಾಗಿ ನಿಲ್ಲುವ ಒಂದು ಕಾರು 2.5 ಮೀಟರು ಅಗಲ, ಆರು ಮೀಟರು ಉದ್ದ ತಿನ್ನುತ್ತದೆ. ನೂರು ಮೀಟರಿನ ಒಂದು ಬದಿಯಲ್ಲಿ ನಿಲ್ಲುವುದು ಹದಿನಾರು ಕಾರು, ಅಷ್ಟೇ. ಹದಿನಾರು ಕಾರಿಗೆ ಪಕ್ಕದ ಗಲ್ಲಿಯಲ್ಲಿ ಜಾಗ ಹುಡುಕುವುದು ಅಗ್ಗವೋ, ನೂರು ಮೀಟರು ಕಟ್ಟಡ ಒಡೆಯುವುದು ಅಗ್ಗವೋ ನೀವೇ ಹೇಳಿ. ಇಲ್ಲಿನ ಅಪಾಯವೆಂದರೆ ದಿನವೂ ಕಾಯುವ ಪೊಲೀಸ್ ಬೇಕು, ಇಲ್ಲವಾದರೆ ಹದಿನೈದು ದಿನದಲ್ಲಿ ಎಲ್ಲ ಮೊದಲಿನಂತೆ.

ಬೈಪಾಸ್: ಊರನ್ನು ಮುಟ್ಟದೆ ದಾಟಿ ಹೋಗುವ ವಾಹನ ಎಷ್ಟಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಊರು ದೊಡ್ಡದಾದಷ್ಟೂ ಆ ಪಾಲು ಕಡಿಮೆಯಾಗುತ್ತದೆ. ಶಿರಸಿಗೆ ಬರುವ ಹೆಚ್ಚಿನವರು ಶಿರಸಿಗೇ ಬರುವವರು: ಅಡಿಕೆ ವ್ಯಾಪಾರಕ್ಕೆ, ಆಸ್ಪತ್ರೆಗೆ, ಕಾಲೇಜಿಗೆ, ದೇವಿಯ ದರ್ಶನಕ್ಕೆ. ಅವರಿಗೆ ಬೈಪಾಸ್ ಬೇಡ, ಬಸ್ಸಿಗೂ ಬೇಡ. ಕುಮಟಾ–ಶಿರಸಿ–ಹಾವೇರಿ ಹೆದ್ದಾರಿಯ ಲಾರಿಗೆ ಬೇಕು. ಇದನ್ನು ತಿಳಿಯುವ ವಿಧಾನ ಸರಳ. ಊರಿನ ಎರಡು ತುದಿಯಲ್ಲಿ ಇಬ್ಬರು ಕುಳಿತು ಎರಡು ತಾಸು ಪ್ರತಿ ವಾಹನದ ಬಗೆ, ಕೊನೆಯ ನಾಲ್ಕು ಅಂಕೆ, ಹೊತ್ತು ಬರೆಯುವುದು. ಇಲ್ಲಿ ಕಂಡ ನಂಬರು ಅಲ್ಲಿ ನೇರ ಓಡಿದಷ್ಟೇ ಹೊತ್ತಿನಲ್ಲಿ ಕಂಡರೆ ಅದು ದಾಟಿ ಹೋಗುವ ವಾಹನ. ಫಲವನ್ನು ವಾಹನದ ಸಂಖ್ಯೆಯಲ್ಲಿ ಮಾತ್ರವಲ್ಲ, ಪಿಸಿಯುವಿನಲ್ಲೂ ನೋಡಿ. ಲಾರಿ ನೂರಕ್ಕೆ ಹತ್ತೇ ಇದ್ದರೂ ತಲಾ 3.7ರಂತೆ 37 ಕಾರಿನ ಜಾಗ ಹಿಡಿಯುತ್ತದೆ. ಅಂಥ ಕಡೆ ಬೈಪಾಸಿಗೆ ಅರ್ಥವಿದೆ. ಆದರೂ ಅದರ ಇಕ್ಕೆಲದಲ್ಲಿ ಬಡಾವಣೆ ಏಳಲು ಬಿಟ್ಟರೆ ಹತ್ತು–ಹದಿನೈದು ವರ್ಷದಲ್ಲಿ ಅದೂ ಪೇಟೆ ಬೀದಿಯೇ.

ನನ್ನ ಸಲಹೆ ಕೇಳುವುದಾದರೆ, ಸರ್ಕಲ್ಲು ಮತ್ತು ಪಾರ್ಕಿಂಗ್ ಮೊದಲು, ಏಕಮುಖ ಪ್ರಯೋಗ ಆಮೇಲೆ. ಅಗಲೀಕರಣಕ್ಕೆ ಜಾಗವನ್ನು ನಕ್ಷೆಯಲ್ಲಿ ಈಗಲೇ ಕಾಯ್ದಿಟ್ಟು, ಎಣಿಕೆ 1,200 ದಾಟಿ ಎರಡು ವರ್ಷ ಅಲ್ಲೇ ನಿಂತರೆ ಮಾತ್ರ ಕಟ್ಟುವುದು. ಜಾಗ ಕಾಯ್ದಿಡದೆ ‘ಆಗ ನೋಡೋಣ’ ಎನ್ನುವುದು ಮಾತ್ರ ಎಲ್ಲಕ್ಕಿಂತ ದುಬಾರಿ. ಆಗ ಒಡೆಯಬೇಕಾದದ್ದು ಹಂಚಿನ ಅಂಗಡಿಯಲ್ಲ, ಆರ್‌ಸಿಸಿ ಕಟ್ಟಡ.

ಕಾಯ್ದಿಡುವುದಕ್ಕೆ ಇನ್ನೂ ಒಂದು ಕಾರಣ ನಮ್ಮ ಜಿಲ್ಲೆಯಲ್ಲೇ ಇದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಕಡಿದುಹೋಯಿತು. ಆಗಸ್ಟ್ 7ರ ನಸುಕಿನಲ್ಲಿ ಕಾರವಾರ–ಸದಾಶಿವಗಡದ ನಡುವಿನ ಕಾಳಿ ನದಿಯ ಹಳೇ ಸೇತುವೆ ಬಿದ್ದು, ಎರಡೂ ದಿಕ್ಕಿನ ವಾಹನ ಹೊಸ ಸೇತುವೆಯೊಂದರ ಮೇಲೇ ಬಂತು. ಯಾವ ಬೆಳವಣಿಗೆ ದರವೂ ಇಂಥದ್ದನ್ನು ಹೇಳುವುದಿಲ್ಲ. ಘಟ್ಟ ಮತ್ತು ಹೊಳೆಯ ಜಿಲ್ಲೆಯಲ್ಲಿ ‘ಪಕ್ಕದ ರಸ್ತೆ ಬಂದಾದ ದಿನ ಈ ರಸ್ತೆ ಎಷ್ಟು ಹೊರಬೇಕು’ ಎಂಬ ಲೆಕ್ಕ ವರದಿಯಲ್ಲಿ ಬೇರೆಯಾಗಿಯೇ ಇರಬೇಕು.

ಇನ್ನು ನಿಮ್ಮ ನಾಲ್ಕು ಗುಂಟೆ

ಪೇಟೆಯ ಸುದ್ದಿಯ ಮೇಲೆ ಕಟ್ಟಬೇಡಿ, ನಿಲ್ಲಿಸಲೂ ಬೇಡಿ. ಮೊದಲು ಯೋಜನಾ ಪ್ರಾಧಿಕಾರಕ್ಕೆ ಹೋಗಿ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿನ ಮುಂದೆ ರಸ್ತೆಯ ಉದ್ದೇಶಿತ ಅಗಲ ಎಷ್ಟಿದೆ ಎಂದು ದೃಢೀಕೃತ ಪ್ರತಿ ತೆಗೆದುಕೊಳ್ಳಿ. ರಸ್ತೆ ನಗರಸಭೆಯದೋ ಲೋಕೋಪಯೋಗಿ ಇಲಾಖೆಯದೋ ಕೇಳಿ, ಏಕೆಂದರೆ ಕಟ್ಟಡ ಎಷ್ಟು ಹಿಂದೆ ಇರಬೇಕೆಂಬ ಗೆರೆ ಅದರ ಮೇಲೆ ಬದಲಾಗುತ್ತದೆ. ಅಗಲವನ್ನು ರಸ್ತೆಯ ನಡುಗೆರೆಯಿಂದ ಅಳೆಯಬೇಕು, ನಿಮ್ಮ ಗಟಾರದಿಂದಲ್ಲ. ನಕ್ಷೆಯಲ್ಲಿ 20 ಮೀಟರು ಎಂದಿದ್ದರೆ ನಡುಗೆರೆಯಿಂದ ನಿಮ್ಮ ಕಡೆ ಹತ್ತು.

ವರದಿ ಇದೆಯೆನ್ನುವುದು ನಿಜವಾದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಗೆ ಕೇಳಬಹುದು. ಸುಮ್ಮನೆ ‘ಡಿಪಿಆರ್ (ವಿವರವಾದ ಯೋಜನಾ ವರದಿ) ಪ್ರತಿ ಕೊಡಿ’ ಎಂದರೆ ದಪ್ಪ ಕಟ್ಟು ಬರುತ್ತದೆ, ಬೇಕಾದ್ದು ಅದರಲ್ಲಿರುವುದಿಲ್ಲ. ಎಣಿಕೆ ಯಾವ ದಿನಾಂಕ, ಯಾವ ಜಾಗ, 15 ನಿಮಿಷದ ಹಾಳೆಗಳು, ಬಳಸಿದ ಪಿಸಿಯು ಗುಣಕ, ವಾಹನವಾರು ಬೆಳವಣಿಗೆ ದರ ಮತ್ತು ಅದರ ಆಧಾರ, ರಸ್ತೆಯನ್ನು ಹಾಕಿದ ವರ್ಗ, ಸರ್ಕಲ್ಲುಗಳಲ್ಲಿ ತಿರುಗುವ ವಾಹನಗಳ ಎಣಿಕೆ, ಇಷ್ಟನ್ನು ಹೆಸರಿಸಿ ಕೇಳಿ.

ಸ್ವಂತ ಎಣಿಕೆಯೂ ಆಗುತ್ತದೆ. ಮಾಳಿಗೆಯ ಮೇಲೆ ಫೋನಿಟ್ಟು ಬೆಳಿಗ್ಗೆ 8ರಿಂದ 10.30, ಸಂಜೆ 4ರಿಂದ 7 ವಿಡಿಯೊ ಮಾಡಿ. ಸಂತೆಯ ದಿನ ಒಂದು, ಸಾದಾ ದಿನ ಎರಡು. ಆಮೇಲೆ ನಿಧಾನ ಓಡಿಸಿ, 15 ನಿಮಿಷಕ್ಕೊಂದು ಸಾಲಿನಂತೆ, ಒಬ್ಬರು ಒಂದೇ ದಿಕ್ಕನ್ನು ಎಣಿಸಿ ಗೀಟು ಹಾಕಬೇಕು. ಎರಡೂ ದಿಕ್ಕನ್ನು ಒಬ್ಬರೇ ಎಣಿಸಿದರೆ ತಪ್ಪುವುದು ಯಾವಾಗಲೂ ಬೈಕು. ಬಿರುಸಿನ ತಾಸು ಸಾಮಾನ್ಯವಾಗಿ ಇಡೀ ದಿನದ ಶೇ 8ರಿಂದ 10. ನಿಮ್ಮ ಎಣಿಕೆಯನ್ನು ಹತ್ತು–ಹನ್ನೆರಡರಿಂದ ಗುಣಿಸಿ ವರದಿಯ ದಿನದ ಸಂಖ್ಯೆಗೆ ಹೋಲಿಸಿ. ಹತ್ತಿರವಿದ್ದರೆ ಸರಿ, ದುಪ್ಪಟ್ಟಿದ್ದರೆ ಆಕ್ಷೇಪಣೆಗೆ ಅದೇ ಮೊದಲ ಸಾಲು.

ಜಾಗ ಕೊಡಲೇಬೇಕಾಗಿ ಬಂದರೆ ಬಾಯಿಮಾತಿಗೆ, ಸುಣ್ಣದ ಗೆರೆಗೆ ಬಿಟ್ಟುಕೊಡಬೇಡಿ. 2013ರ ಭೂಸ್ವಾಧೀನ ಕಾಯ್ದೆಯಡಿ ಮಾರುಕಟ್ಟೆ ಬೆಲೆ, ಕಟ್ಟಡದ ಬೆಲೆ, ಅದರ ಮೇಲೆ ಶೇ 100 ಸಾಂತ್ವನ ಮೊತ್ತ ಇದೆ. 1961ರ ನಗರ ಯೋಜನಾ ಕಾಯ್ದೆಯ 14–ಬಿ ಪ್ರಕಾರ ಹಣದ ಬದಲು ಅಭಿವೃದ್ಧಿ ಹಕ್ಕನ್ನೂ, ಅಂದರೆ ಹೆಚ್ಚುವರಿ ಕಟ್ಟಡ ಕಟ್ಟುವ, ಇನ್ನೊಬ್ಬರಿಗೆ ಮಾರಲೂ ಬರುವ ಹಕ್ಕನ್ನೂ, ಕೊಡಬಹುದು. ಬೆಂಗಳೂರಿನಲ್ಲಿ ಆ ಹಕ್ಕಿಗೆ ಕೊಳ್ಳುವವರಿದ್ದಾರೆ, ಎರಡಂತಸ್ತಿನ ಊರಿನಲ್ಲಿ ಅದನ್ನು ಯಾರಿಗೆ ಮಾರುವಿರಿ? ನಿಮ್ಮಲ್ಲಿ ಹಣವೇ ಒಳ್ಳೆಯದು.

ಕಟ್ಟುವುದಾದರೆ ಈಗಲೇ ಕಟ್ಟಿ, ಉದ್ದೇಶಿತ ಗೆರೆಯ ಹಿಂದೆ, ನಿಯಮದ ಸೆಟ್‌ಬ್ಯಾಕ್ ಬಿಟ್ಟು. ಮುಂದೆ ಹೀಗೆ ಬಿಟ್ಟ ಜಾಗದಲ್ಲಿ ಹಾಸುಕಲ್ಲು, ಬೈಕು ನಿಲ್ಲಿಸುವ ಜಾಗ, ತಗಡಿನ ಮಾಡು, ಇಂಥ ಬಿಚ್ಚಬಹುದಾದದ್ದು ಮಾತ್ರ ಇರಲಿ. ಬೋರ್‌ವೆಲ್, ಸೆಪ್ಟಿಕ್ ಟ್ಯಾಂಕ್, ನೀರಿನ ಸಂಪು, ಮಾಳಿಗೆಗೆ ಹೋಗುವ ಮೆಟ್ಟಿಲು ಇವು ಆ ಜಾಗದಲ್ಲಿ ಖಂಡಿತ ಬೇಡ. ಕಟ್ಟಡ ಉಳಿದು ಮೆಟ್ಟಿಲು ಹೋದರೆ ಮಾಳಿಗೆ ಇದ್ದೂ ಇಲ್ಲದಂತೆ. ಅಂಗಡಿಯ ತಳಪಾಯದ ಮಟ್ಟವನ್ನು ಇಂದಿನ ರಸ್ತೆಯ ನಡುಮಟ್ಟಕ್ಕಿಂತ ಒಂದೂವರೆಯಿಂದ ಎರಡು ಅಡಿ ಎತ್ತರಿಸಿಕೊಳ್ಳಿ. ಹಳೆಯದನ್ನು ಕೆರೆಯದೆ ಒಂದೊಂದು ಸಲ ಡಾಂಬರು ಹಾಕಿದಾಗಲೂ ರಸ್ತೆ ಎರಡು ಇಂಚಿನಷ್ಟು ಏರುತ್ತದೆ. ನಾಲ್ಕು ಪಥ ಬರಲಿ ಬಿಡಲಿ, ಜುಲೈ ತಿಂಗಳ ನೀರು ಷಟರಿನ ಅಡಿಯಿಂದ ಒಳಗೆ ಬರುವುದಂತೂ ತಪ್ಪುತ್ತದೆ.